ಟ್ರಂಕು ಇಡಲು ಒಂದಿಷ್ಟು ಜಾಗ

ಮುಂಬಯಿಯ ಧೋಬಿ ತಲಾವ್‌ನಲ್ಲಿ, ಮೆಟ್ರೊ ಸಿನಿಮಾದ ಸಮೀಪ, ಜೇರ್ ಮಹಲ್ ಎಂಬ ಹಳೆಯ ಕಟ್ಟಡವಿದೆ. ಕೆಳಗೆ ಅಂಗಡಿಗಳ ಗಲಾಟೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಗೋವಾದ ಒಂದೊಂದು ಹಳ್ಳಿಯ ಹೆಸರು ಹೊತ್ತ ಬಾಗಿಲುಗಳು ಸಿಗುತ್ತವೆ. ಒಳಗೆ ಉದ್ದನೆಯ ಕೋಣೆ, ಗೋಡೆಗೆ ಊರಿನ ಸಂತನ ಪೀಠ, ಅದರ ಮುಂದೆ ದೀಪ. ಇನ್ನುಳಿದ ಗೋಡೆಗಳ ಉದ್ದಕ್ಕೂ ಪೆಟ್ಟಿಗೆಗಳು. ಮಲಗುವುದು ನೆಲದ ಮೇಲೆ, ಅವರವರ ಪೆಟ್ಟಿಗೆಯ ಪಕ್ಕದಲ್ಲಿ. ಇಂಗ್ಲಿಷಿನಲ್ಲಿ ಇವುಗಳನ್ನು ಕ್ಲಬ್ ಎನ್ನುತ್ತಾರೆ, ಕೊಂಕಣಿಯಲ್ಲಿ ಕೂಡ್. ನಮ್ಮ ಮಂಗಳೂರಿನ ಕೊಂಕಣಿಯಲ್ಲೂ ಕೂಡ್ ಎಂದರೆ ಕೋಣೆಯೇ. ಕ್ಲಬ್ಬು ಎಂದರೆ ನಮ್ಮ ಕಡೆ ಇಸ್ಪೀಟಿನ ನೆನಪಾಗುತ್ತದೆ; ಇಲ್ಲಿ ಸಂಜೆಯಾದರೆ ಜಪಮಾಲೆ.

ಹತ್ತೊಂಬತ್ತನೇ ಶತಮಾನದ ನಡುವಿನಿಂದ ಶುರುವಾದ ಈ ಕೂಡ್‌ಗಳು ಒಂದು ಕಾಲಕ್ಕೆ ಧೋಬಿ ತಲಾವ್, ಕಾವೇಲ್, ಮಝಗಾಂವ್ ಸುತ್ತಮುತ್ತ ನೂರಾರು ಇದ್ದವು. ಇವುಗಳ ಬಗ್ಗೆ ಬರೆದವರು ಸಾಮಾನ್ಯವಾಗಿ ಹೇಳುವುದು ಅಲ್ಲಿನ ಹಾಡು, ಹಬ್ಬ, ಊರಿನ ಒಗ್ಗಟ್ಟು. ನನ್ನ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆ. ಕೂಡ್ ಎಂಬುದನ್ನು ವಸತಿಗೃಹ ಎಂದುಕೊಂಡರೆ ಅದರ ಅರ್ಧ ಭಾಗ ಮಾತ್ರ ತಿಳಿಯುತ್ತದೆ. ಅದು ಪರವೂರಿಗೆ ದುಡಿಯಲು ಹೋದವರ ಸಾಮಾನು ಕಾಯುವ ಸಂಸ್ಥೆಯೂ ಆಗಿತ್ತು. ಮನುಷ್ಯ ಅಲ್ಲಿ ಇರದ ತಿಂಗಳುಗಳಲ್ಲೂ ಅವನ ಪೆಟ್ಟಿಗೆ ಅಲ್ಲಿರುತ್ತಿತ್ತು.

ಹಾಗೇಕೆ ಎಂದು ತಿಳಿಯಬೇಕಾದರೆ ಗೋವಾದವರ ದುಡಿಮೆಯ ದಾರಿ ನೋಡಬೇಕು. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಆದರೆ ಸಂಬಳದ ಕೆಲಸ ಇದ್ದದ್ದು ಬ್ರಿಟಿಷರ ಮುಂಬಯಿಯಲ್ಲಿ, ಅಲ್ಲಿಂದ ಹೊರಡುವ ಹಡಗುಗಳಲ್ಲಿ. ಗೋವಾದ ಕ್ರೈಸ್ತರು ಅಡುಗೆಯವರಾಗಿ, ಬಟ್ಲರ್‌ಗಳಾಗಿ, ದರ್ಜಿಗಳಾಗಿ, ವಾದ್ಯಗಾರರಾಗಿ ಬಂದರು. ಪಿ ಆಂಡ್ ಓ, ಬ್ರಿಟಿಷ್ ಇಂಡಿಯಾ ಕಂಪನಿಗಳ ಹಡಗುಗಳ ಅಡುಗೆಮನೆ, ಊಟದ ಸಾಲೆಗಳಲ್ಲಿ ಅವರದೇ ಕೈ. ಊರಿನಿಂದ ಮುಂಬಯಿಗೆ ಒಂದು ದಾರಿ ಸಮುದ್ರದ ಮೇಲೆ, ಉಗಿಹಡಗಿನಲ್ಲಿ. ಇನ್ನೊಂದು 1880ರ ದಶಕದಲ್ಲಿ ತೆರೆದ ಮುರ್ಮಗೋವಾ ರೈಲುದಾರಿ. ಅದು ಘಟ್ಟ ಹತ್ತಿ ಕ್ಯಾಸಲ್ ರಾಕ್‌ಗೆ ಬರುತ್ತಿತ್ತು, ಅಲ್ಲಿಂದ ಲೋಂಡಾ, ಬೆಳಗಾವಿ, ಮಿರಜ, ಪುಣೆ. ಕ್ಯಾಸಲ್ ರಾಕ್ ಈಗ ನಮ್ಮ ಜೋಯಿಡಾ ತಾಲ್ಲೂಕಿನ ಒಂದು ಮಳೆಗಾಲದ ಸ್ಟೇಷನ್; ದೂಧಸಾಗರ ನೋಡಲು ಹೋಗುವ ಹುಡುಗರಿಗೆ ಅದರ ಗುರುತು. ಆಗ ಅದು ಎರಡು ಸರ್ಕಾರಗಳ ಗಡಿ. ಮುಂಬಯಿಗೆ ಹೊರಟವನ ಪೆಟ್ಟಿಗೆಯನ್ನು ಸುಂಕದವರು ತೆರೆಸುತ್ತಿದ್ದದ್ದು ಕರ್ನಾಟಕದ ಈ ಕಾಡಿನಂಚಿನಲ್ಲಿ.

ಮುಂಬಯಿ ತಲುಪಿದ ಮೇಲೆ ಕೆಲಸ ಕೂಡಲೇ ಸಿಗುತ್ತಿರಲಿಲ್ಲ. ಹಡಗಿನ ಕೆಲಸ ಕರಾರಿನದು: ಕೆಲವು ತಿಂಗಳು ಯಾನ, ಮತ್ತೆ ಬಂದರಿಗೆ ಬಂದು ಇಳಿದರೆ ಕೆಲಸವೂ ಮುಗಿಯಿತು. ಮುಂದಿನ ಹಡಗಿಗೆ ಕಾಯಬೇಕು. ಕಾಯುವವರ ಸಂಖ್ಯೆ ಯಾವತ್ತೂ ಕೆಲಸಕ್ಕಿಂತ ಹೆಚ್ಚು. ನಡುವೆ ದಲ್ಲಾಳಿಗಳು ಕೂತು ಲಂಚ ತಿನ್ನುತ್ತಿದ್ದರು. ನಾವಿಕರ ನೇಮಕದ ಈ ಅವ್ಯವಸ್ಥೆಯನ್ನು ವಿಚಾರಿಸಲು 1922ರಲ್ಲಿ ಒಂದು ಸರ್ಕಾರಿ ಸಮಿತಿಯೇ ಕೂತಿತ್ತು; ಕ್ಲೋ ಸಮಿತಿ ಎಂದು ಅದರ ಹೆಸರು. ಸಮಿತಿ ಕೂತರೂ ಕಾಯುವುದು ತಪ್ಪಲಿಲ್ಲ.

ಹೀಗೆ ಕಾಯುವವನಿಗೆ ಬಾಡಿಗೆ ಮನೆ ಹಿಡಿಯುವ ಶಕ್ತಿಯಿಲ್ಲ. ಹಿಡಿದರೂ ಯಾನದಲ್ಲಿರುವ ತಿಂಗಳುಗಳಲ್ಲಿ ಖಾಲಿ ಮನೆಗೆ ದುಡ್ಡು ಕಟ್ಟಬೇಕು. ಹಡಗಿಗೆ ಎಲ್ಲ ಸಾಮಾನು ಹೊತ್ತುಕೊಂಡು ಹೋಗುವಂತಿಲ್ಲ. ಊರಿಗೆ ಕಳಿಸಿದರೆ ಮುಂದಿನ ಕರೆ ಬಂದಾಗ ಕೈಗೆ ಸಿಗುವುದಿಲ್ಲ. ಕೂಡ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಊರಿನವರೆಲ್ಲ ಸೇರಿ ಒಂದು ಕೋಣೆ ಹಿಡಿಯುವುದು, ತಲೆಗೆ ಇಷ್ಟು ಎಂದು ತಿಂಗಳಿಗೊಂದು ಚಿಕ್ಕ ಮೊತ್ತ ಕಟ್ಟುವುದು. ಇದ್ದಾಗ ಚಾಪೆಯಷ್ಟು ನೆಲ, ಇಲ್ಲದಾಗ ಪೆಟ್ಟಿಗೆಯಷ್ಟು ಗೋಡೆ. ಮನುಷ್ಯ ಹಡಗಿನಲ್ಲಿ, ಟ್ರಂಕು ಧೋಬಿ ತಲಾವ್‌ನಲ್ಲಿ, ಹೆಂಡತಿ ಮಕ್ಕಳು ಸಾಷ್ಟಿಯಲ್ಲೋ ಬಾರ್ದೇಶದಲ್ಲೋ. ನೌಕರಿಯ ದಾಖಲೆ ಪುಸ್ತಕ, ಹಬ್ಬಕ್ಕೆ ತೊಡುವ ಸೂಟು, ಊರಿಗೆ ಒಯ್ಯಬೇಕಾದ ಸಾಮಾನು, ಕಾಗದ ಪತ್ರ: ಇವೆಲ್ಲಕ್ಕೂ ಅದೇ ವಿಳಾಸ.

ಬೀಗ ಇತ್ತು, ನಿಜ. ಅದೇ ಮುಂಬಯಿಯ ಲಾಲ್‌ಬಾಗ್‌ನಲ್ಲಿ 1897ರಲ್ಲಿ ಅರ್ದೇಶಿರ್ ಗೋದ್ರೇಜ್ ಬೀಗದ ಕಾರ್ಖಾನೆ ತೆರೆದರು, ಕೆಲವೇ ವರ್ಷಗಳಲ್ಲಿ ತಿಜೋರಿಗೂ ಕೈಹಾಕಿದರು. ನಗರಕ್ಕೆ ಒಬ್ಬಂಟಿಯಾಗಿ ಬರುವವರು ಹೆಚ್ಚಿದಂತೆ ಬೀಗದ ವ್ಯಾಪಾರವೂ ಬೆಳೆಯಿತೆಂದರೆ ಆಶ್ಚರ್ಯವೇನಿಲ್ಲ. 1911ರ ಜನಗಣತಿಯ ಹೊತ್ತಿಗೆ ಮುಂಬಯಿಯ ಐವರಲ್ಲಿ ಸುಮಾರು ನಾಲ್ವರು ಹೊರಗೆ ಹುಟ್ಟಿ ಬಂದವರು. ಆದರೆ ತಗಡಿನ ಟ್ರಂಕಿನ ಬೀಗವನ್ನು ಒಂದು ಸುತ್ತಿಗೆ ಏಟಿಗೆ ಮುರಿಯಬಹುದು. ಕೂಡ್‌ನಲ್ಲಿ ಪೆಟ್ಟಿಗೆಯನ್ನು ಕಾದದ್ದು ಊರು. ಪಕ್ಕದ ಚಾಪೆಯವನ ತಂದೆ ಯಾರು, ಮನೆ ಯಾವ ಕೇರಿಯಲ್ಲಿ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಕದ್ದವನು ಅಲ್ಲಿ ಇಗರ್ಜಿಗೆ ಕಾಲಿಡುವಂತಿಲ್ಲ.

ಈ ಕಾವಲಿಗೆ ಬೆಲೆಯೂ ಇತ್ತು, ಅದನ್ನು ಹೇಳದೆ ಬಿಟ್ಟರೆ ಕೂಡ್ ಬಗ್ಗೆ ಬರೆಯುವುದೆಲ್ಲ ಹೊಗಳುಭಟರ ಮಾತಾಗುತ್ತದೆ. ಸಂಜೆಯ ಜಪಮಾಲೆಗೆ ತಪ್ಪಿಸಿಕೊಳ್ಳುವಂತಿಲ್ಲ. ಕುಡಿದು ಬಂದು ಗಲಾಟೆ ಮಾಡುವಂತಿಲ್ಲ. ಇಲ್ಲಿನ ನಡತೆಯ ಸುದ್ದಿ ಮುಂದಿನ ಹಡಗಿನಲ್ಲಿ ಊರು ಮುಟ್ಟುತ್ತದೆ. ಹಳ್ಳಿಗೆ ಸೇರದವನಿಗೆ ಸದಸ್ಯತ್ವವಿಲ್ಲ. ಹೆಂಗಸರಿಗಂತೂ ಜಾಗವೇ ಇಲ್ಲ; ಆಯಾ ಕೆಲಸಕ್ಕೆ, ಮನೆಗೆಲಸಕ್ಕೆ ಎಂದು ಅದೇ ಗೋವಾದಿಂದ ಅದೇ ಮುಂಬಯಿಗೆ ಬಂದ ಹೆಂಗಸರು ತಮ್ಮ ಗಂಟನ್ನು ಯಜಮಾನಿಯ ಮನೆಯಲ್ಲೇ, ಅವಳ ಕಣ್ಣಳತೆಯಲ್ಲೇ ಇಡಬೇಕಾಗಿತ್ತು. ಕೆಲಸ ಬಿಡಬೇಕೆಂದರೆ ಮೊದಲು ಗಂಟು ಎಲ್ಲಿಡುವುದೆಂದು ಯೋಚಿಸಬೇಕು. ಈ ಒಂದು ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದು ನೌಕರಿ ಬದಲಾಯಿಸಿದ ಯಾರಿಗಾದರೂ ತಿಳಿಯುತ್ತದೆ. ಸಾಮಾನು ಬೇರೆಡೆ ಭದ್ರವಾಗಿದ್ದವನು ದಲ್ಲಾಳಿಯ ಜೊತೆ ಚೌಕಾಸಿ ಮಾಡಬಲ್ಲ, ಈ ಹಡಗು ಬೇಡ ಎನ್ನಬಲ್ಲ. ಸಾಮಾನು ಧಣಿಯ ಮನೆಯಲ್ಲೇ ಇದ್ದರೆ ಹಾಗೆನ್ನುವುದು ಕಷ್ಟ.

ಧಣಿ ಎಂದಾಗ ನಮ್ಮವರ ಕಥೆ ಬರಬೇಕು. ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆ ಮುಂಬಯಿಗೆ ಬಂದ ಹುಡುಗರಿಗೆ ಕೂಡ್ ಇರಲಿಲ್ಲ. ಅವರ ವಸತಿ ಹೋಟೆಲೇ. ರಾತ್ರಿ ಬಾಗಿಲು ಹಾಕಿದ ಮೇಲೆ ಬೆಂಚು ಜೋಡಿಸಿ ಮಲಗುವುದು, ಬೆಳಿಗ್ಗೆ ಇಡ್ಲಿ ಹಬೆಯಾಡುವ ಮುಂಚೆ ಏಳುವುದು. ಪೆಟ್ಟಿಗೆ ಅಟ್ಟದ ಮೇಲೆ, ಅಕ್ಕಿ ಮೂಟೆ, ತೆಂಗಿನಕಾಯಿಗಳ ನಡುವೆ. ಎಷ್ಟೋ ಕಡೆ ಸಂಬಳವೂ ಧಣಿಯ ಹತ್ತಿರವೇ. ಊರಿಗೆ ಹೊರಟಾಗ ಲೆಕ್ಕ ಮಾಡಿ ಕೊಡುತ್ತಿದ್ದರು. ಒಳ್ಳೆಯ ಧಣಿಗಳಿದ್ದರು, ಹುಡುಗರನ್ನು ರಾತ್ರಿಶಾಲೆಗೆ ಕಳಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಕಳೆದ ಶತಮಾನದ ಆರಂಭದಲ್ಲೇ ಮುಂಬಯಿಯಲ್ಲಿ ರಾತ್ರಿಶಾಲೆ ತೆರೆದವು, ಅಲ್ಲಿ ಕಲಿತವರು ಬ್ಯಾಂಕಿಗೂ ಕೋರ್ಟಿಗೂ ಹೋದರು. ಇದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಚರಿತ್ರೆ, ಹೇಳಿಕೊಳ್ಳತಕ್ಕದ್ದೇ. ಆದರೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಲು ಧಣಿಯ ಅಪ್ಪಣೆ ಬೇಕಾಗಿದ್ದ ಹುಡುಗನಿಗೂ, ತನ್ನ ಊರಿನ ಕೂಡ್‌ನಲ್ಲಿ ಪೆಟ್ಟಿಗೆ ಇಟ್ಟವನಿಗೂ ಅಂತರವಿತ್ತು. ರಾತ್ರಿಶಾಲೆ ಕಟ್ಟಿದ ನಮ್ಮ ಹಿರಿಯರು ಕೂಡ್ ಕಟ್ಟಲಿಲ್ಲವೇಕೆ ಎಂದು ನಾನು ಯೋಚಿಸಿದ್ದುಂಟು. ಹೋಟೆಲೇ ಮನೆಯಾದವರಿಗೆ ಅದರ ಅಗತ್ಯ ಕಾಣಲಿಲ್ಲವೇನೋ. ಅಥವಾ ಹೋಟೆಲು ಕಟ್ಟಿದವರೇ ಸಂಘಗಳನ್ನೂ ಕಟ್ಟಿದ್ದರಿಂದಲೋ.

ಗಿರಣಿಗಳ ಪರೇಲ್, ಲಾಲ್‌ಬಾಗ್ ಕಡೆ ಮರಾಠಿ ಕಾರ್ಮಿಕರ ಪದ್ಧತಿ ಕೂಡ್‌ಗೆ ಹತ್ತಿರದ್ದು. ರತ್ನಾಗಿರಿಯ, ಸಾತಾರಾದ ಒಂದೊಂದು ಊರಿನವರು ಚಾಳಿನಲ್ಲಿ ಒಂದು ಖೋಲಿ ಹಿಡಿಯುತ್ತಿದ್ದರು. ಹಗಲು ಪಾಳಿಯವರು ಹೋದಾಗ ರಾತ್ರಿ ಪಾಳಿಯವರು ಬಂದು ಮಲಗುವುದು, ಊಟ ಖಾನಾವಳಿಯಲ್ಲಿ. 1920ರ ದಶಕದಲ್ಲಿ ಸರ್ಕಾರ ಕಟ್ಟಿದ ಬಿಡಿಡಿ ಚಾಳುಗಳ ಒಂದು ಖೋಲಿ 160 ಚದರಡಿ. ಅಲ್ಲಿ ಮನುಷ್ಯರನ್ನು ಪಾಳಿಯ ಮೇಲೆ ಬದಲಾಯಿಸಬಹುದಿತ್ತು, ಪೆಟ್ಟಿಗೆಗಳನ್ನು ಬದಲಾಯಿಸುವಂತಿರಲಿಲ್ಲ. ಹತ್ತಿಪ್ಪತ್ತು ಜನರ ಪೆಟ್ಟಿಗೆ ಇಪ್ಪತ್ನಾಲ್ಕು ಗಂಟೆಯೂ ಅಲ್ಲೇ. ಅದಕ್ಕೇ ಗೋಡೆಗೆ ಹಲಗೆ, ಹಲಗೆಯ ಮೇಲೆ ಹಲಗೆ. ಮುಂಬಯಿಯ ಹಳೆಯ ಮನೆಗಳ ಮಾಳ, ಅಂದರೆ ನಮ್ಮ ಅಟ್ಟ, ಇವತ್ತಿಗೂ ಆ ನಗರದ ಜನರಿಗೆ ಪ್ರಾಣ.

ಇವೆಲ್ಲ ಪರಿಚಯದ ಮೇಲೆ ನಡೆದ ವ್ಯವಸ್ಥೆ. ಪರಿಚಯವೇ ಇಲ್ಲದವನ ಸಾಮಾನು ಕಾಯುವ ಇನ್ನೊಂದು ವ್ಯವಸ್ಥೆ ರೈಲಿನ ಜೊತೆ ಬಂತು: ಕ್ಲೋಕ್ ರೂಮ್. ಅಲ್ಲಿ ಯಾವ ಊರು, ಯಾರ ಮಗ ಎಂದು ಕೇಳುವುದಿಲ್ಲ. ಚೀಲ ಕೊಡು, ಕಾಸು ಕೊಡು, ಚೀಟಿ ತಗೋ. ಈ ಚೀಟಿಯ ಬಗ್ಗೆ ಲಂಡನ್ನಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ನಮ್ಮ ದೇಶದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ಪಾರ್ಕರ್ ಎಂಬಾತ ಚೇರಿಂಗ್ ಕ್ರಾಸ್ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಚೀಲವಿಟ್ಟು ಎರಡು ಪೆನ್ಸ್ ಕೊಟ್ಟ. ಚೀಟಿಯ ಮುಂದೆ ‘ಹಿಂದೆ ನೋಡಿ’ ಎಂದಿತ್ತು. ಹಿಂದೆ, ಹತ್ತು ಪೌಂಡಿಗಿಂತ ಬೆಲೆಬಾಳುವ ವಸ್ತುವಿಗೆ ಕಂಪನಿ ಹೊಣೆಯಲ್ಲ ಎಂದು ಅಚ್ಚಾಗಿತ್ತು. ಚೀಲ ಕಳೆಯಿತು. ಅದರ ಬೆಲೆ ಇಪ್ಪತ್ತನಾಲ್ಕೂವರೆ ಪೌಂಡು. ತಾನು ಅದನ್ನು ಓದಿಯೇ ಇಲ್ಲ, ಬರಿಯ ರಸೀದಿ ಎಂದುಕೊಂಡಿದ್ದೆ ಎಂದ ಪಾರ್ಕರ್. 1877ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇಷ್ಟು: ಗಿರಾಕಿ ಓದಿದನೋ ಇಲ್ಲವೋ ಎನ್ನುವುದೇ ಮುಖ್ಯವಲ್ಲ, ಚೀಟಿಯಲ್ಲಿ ಷರತ್ತಿದೆ ಎಂದು ಗೊತ್ತಾಗುವಷ್ಟು ಸೂಚನೆಯನ್ನು ಕಂಪನಿ ಕೊಟ್ಟಿತ್ತೇ ಎಂದು ನೋಡಬೇಕು, ಅದಕ್ಕಾಗಿ ಮರುವಿಚಾರಣೆ ನಡೆಯಲಿ.

ಕೇಳಲು ನ್ಯಾಯವಾಗಿದೆ. ಅದರ ಫಲ ಮಾತ್ರ ಬೇರೆ. ಅಂದಿನಿಂದ ಇಂದಿನವರೆಗೆ ಪ್ರತಿ ರಸೀದಿಯ ಮೇಲೂ, ಲಾಂಡ್ರಿಯಿಂದ ಹಿಡಿದು ಕೊರಿಯರ್‌ವರೆಗೆ, ಸೂಚನೆ ಅಚ್ಚಾಗುತ್ತಿದೆ; ನಾವು ಓದದೆ ಜೇಬಿಗೆ ಹಾಕುತ್ತಿದ್ದೇವೆ. ಇದಕ್ಕೊಂದು ಎಲ್ಲೆಯಿದೆ ಎಂದು ತೋರಿಸಿದ್ದು ಮದ್ರಾಸ್ ಹೈಕೋರ್ಟು. ಲಾಂಡ್ರಿಯಲ್ಲಿ ಸೀರೆ ಕಳೆದುಹೋಯಿತು, ರಸೀದಿಯ ಷರತ್ತಿನ ಪ್ರಕಾರ ಸಿಗುವುದು ಬೆಲೆಯ ಸಣ್ಣದೊಂದು ಪಾಲು. ಹೀಗೆ ಕಳೆಯುವುದೇ ಅಂಗಡಿಯವನಿಗೆ ಲಾಭವಾಗುವಂಥ ಷರತ್ತು ನಡೆಯುವುದಿಲ್ಲ ಎಂಬ ಅರ್ಥದ ತೀರ್ಪು ಬಂತು. ಲಿಲಿ ವೈಟ್ ಪ್ರಕರಣ ಎಂದು 1966ರ ತೀರ್ಪುಗಳ ಸಂಪುಟದಲ್ಲಿದೆ. ಚೆನ್ನೈಯಲ್ಲಿರುವ ಓದುಗರು ಮುಂದಿನ ಸಲ ಲಾಂಡ್ರಿ ಚೀಟಿ ಕೈಗೆ ಬಂದಾಗ ತಿರುಗಿಸಿ ನೋಡಬಹುದು.

ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನ ಕರ್ತವ್ಯ ನಮ್ಮ ಕಾನೂನಿನಲ್ಲಿ ಹಳೆಯದೇ. 1872ರ ಕರಾರು ಕಾಯ್ದೆಯ 151ನೇ ಕಲಮು, ಸಾಮಾನ್ಯ ವಿವೇಕವುಳ್ಳವನು ತನ್ನದೇ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ. ಕೂಡ್‌ನ ನಿಯಮವೂ ಅದೇ, ಬರೆದಿಟ್ಟಿರಲಿಲ್ಲ ಅಷ್ಟೇ. ರೈಲಿನ ಡಬ್ಬಿಯೊಳಗೆ ಮಾತ್ರ ಲೆಕ್ಕ ತಿರುವುಮುರುವು. 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಬುಕ್ ಮಾಡಿ ರಸೀದಿ ಪಡೆಯದ ಲಗೇಜಿಗೆ ರೈಲ್ವೆ ಹೊಣೆಯಲ್ಲ. ನಮ್ಮ ವಶದಲ್ಲೇ ಒಯ್ಯುವ ಚೀಲ ಕಳೆದರೆ ರೈಲ್ವೆಯವರ ನಿರ್ಲಕ್ಷ್ಯವನ್ನು ನಾವೇ ಸಾಬೀತು ಮಾಡಬೇಕು. ಬರ್ತಿನ ಕೆಳಗಿನ ಕೊಂಡಿಗೆ ಚೀಲವನ್ನು ಸರಪಳಿಯಿಂದ ಬಿಗಿಯುವ ನಮ್ಮ ದೇಶದ ಪದ್ಧತಿ ಬರಿಯ ಅಪನಂಬಿಕೆಯಿಂದ ಬಂದದ್ದಲ್ಲ, ಕಾನೂನೂ ಅದನ್ನೇ ಹೇಳುತ್ತಿದೆ. ಕ್ಲೋಕ್ ರೂಮಿನಲ್ಲೂ ಅಷ್ಟೆ. ಬೀಗ ಹಾಕದ ಚೀಲವನ್ನು ತೆಗೆದುಕೊಳ್ಳುವುದಿಲ್ಲ. ಟಿಕೆಟ್ ಇಲ್ಲದವನದು ಬೇಡ. ಒಂದು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಪ್ರಯಾಣಿಕನಿಗೆ ಅದು ಸಾಕು, ಹಡಗಿಗೆ ಕಾಯುವವನಿಗೆ ಸಾಲದು.

ಪರಿಚಯವಿಲ್ಲದ ಚೀಲವನ್ನು ನಂಬಿ ಇಟ್ಟುಕೊಳ್ಳುವ ಈ ವ್ಯವಸ್ಥೆಗೆ ಪೆಟ್ಟು ಬಿದ್ದದ್ದು ಬಾಂಬುಗಳಿಂದ. 1939ರ ಜುಲೈ 26ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಐರಿಷ್ ಉಗ್ರರು ಸಾಮಾನಿಡುವ ಕೋಣೆಗೇ ಬಾಂಬು ಇಟ್ಟಿದ್ದರು. ಮುಂಬಯಿಗೆ ಅದರ ಪಾಠ 1993ರ ಮಾರ್ಚಿನಲ್ಲಿ ಬಂತು, 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಮತ್ತೆ. ಅಲ್ಲಿಂದ ಈಚೆಗೆ ಸ್ಟೇಷನ್ನುಗಳಲ್ಲಿ ದಿನವಿಡೀ ಕೇಳುವ ಘೋಷಣೆ ಎಂದರೆ ಬೇವಾರಸ್ ವಸ್ತುಗಳನ್ನು ಮುಟ್ಟಬೇಡಿ. ಆ ಪದ ಕಿವಿಗೆ ಬಿದ್ದಾಗ ಕರಾವಳಿಯವರಿಗೆ ನಗು ಬರದೆ ಇರುವುದಿಲ್ಲ. ನಮ್ಮಲ್ಲಿ ಬೇವಾರ್ಸಿ ಎಂದರೆ ಬೈಗುಳ, ಅದೂ ಬಾಯಿ ತುಂಬ ಬೈಯುವಂಥದ್ದು. ಮೂಲ ಅರ್ಥ ಒಂದೇ: ವಾರಸುದಾರ ಇಲ್ಲದ್ದು. ನಾವು ಮನುಷ್ಯನಿಗೆ ಅಂದದ್ದನ್ನು ಆ ಊರು ಚೀಲಕ್ಕೆ ಅನ್ನುತ್ತದೆ. ತನ್ನವರಿಲ್ಲದ ಚೀಲ ಹಿಂದೆ ಪಾಪದ್ದಾಗಿತ್ತು, ಕಳ್ಳನಿಗೆ ಸುಲಭವಾಗಿತ್ತು. ಈಗ ಅದನ್ನು ಕಂಡರೆ ಪೊಲೀಸರನ್ನು ಕರೆಯಬೇಕು.

ಈ ಪತ್ರಿಕೆ ಓದುವ ಬಹುತೇಕರದು ಕೂಡ್ ಅಲ್ಲ, ಪಿಜಿ. 2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿದ್ದಾಗ ಪುಣೆ, ಹೈದರಾಬಾದು, ದೆಹಲಿಯ ಪಿಜಿಗಳಿಂದ ಒಂದು ಬ್ಯಾಗು ಹಿಡಿದು ಊರಿಗೆ ಹೋದವರು ತಿಂಗಳುಗಟ್ಟಲೆ ಮರಳಲಿಲ್ಲ. ಪುಸ್ತಕ, ಬಟ್ಟೆ, ಕುಕ್ಕರು, ಸರ್ಟಿಫಿಕೇಟಿನ ಫೈಲು ಅಲ್ಲೇ. ಬರಿಯ ಸಾಮಾನು ಇರುವ ಕೋಣೆಗೆ ಪೂರ್ತಿ ಬಾಡಿಗೆ ಕೊಡಬೇಕೇ ಎಂಬ ಜಗಳ ಫೋನಿನಲ್ಲಿ ನಡೆಯಿತು. ಕೆಲವರದನ್ನು ಯಜಮಾನರು ಒಂದು ಮೂಲೆಗೆ ಕಟ್ಟಿಟ್ಟರು, ಕೆಲವರದು ಮಹಡಿಯ ಮೇಲೆ ಮಳೆಗೆ ನೆನೆಯಿತು. ನೂರು ವರ್ಷದ ಹಿಂದೆ ಗೋವಾದ ಅಡುಗೆಯವರು ತಮ್ಮ ತಮ್ಮಲ್ಲೇ ಬಗೆಹರಿಸಿಕೊಂಡಿದ್ದ ಪ್ರಶ್ನೆ ಅದೇ: ನಾನಿಲ್ಲದಾಗ ನನ್ನ ಪೆಟ್ಟಿಗೆಗೆ ಎಷ್ಟು ಜಾಗ, ಎಷ್ಟು ದುಡ್ಡು, ಕಾಯುವವರು ಯಾರು. ಎಂಜಿನಿಯರಿಂಗ್ ಓದಿದ ನಮಗೆ ಉತ್ತರ ಸಿದ್ಧವಿರಲಿಲ್ಲ.

ಈಗ ದೊಡ್ಡ ನಗರಗಳಲ್ಲಿ ಪೆಟ್ಟಿಗೆಗೆ, ಚದರಡಿಗೆ ಇಷ್ಟು ಎಂದು ತಿಂಗಳ ಬಾಡಿಗೆ ಪಡೆದು ಗೋದಾಮಿನಲ್ಲಿ ಸಾಮಾನಿಡುವ ಕಂಪನಿಗಳು ಬಂದಿವೆ. ಮನೆಗೇ ಬಂದು ಕಟ್ಟಿ ಒಯ್ಯುತ್ತಾರೆ. ಹೆಂಗಸರಿಗೂ ಗಂಡಸರಿಗೂ ಒಂದೇ ದರ. ಜಪಮಾಲೆಯಿಲ್ಲ, ಜಾತಿ ಕೇಳುವುದಿಲ್ಲ, ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬಂದೆ ಎಂದು ಊರಿಗೆ ಸುದ್ದಿ ಹೋಗುವುದಿಲ್ಲ. ನನಗೆ ಇದು ಸಣ್ಣ ಲಾಭವೆಂದು ಅನಿಸುವುದಿಲ್ಲ. ಕೂಡ್‌ನ ಬಗ್ಗೆ ಹಳಹಳಿಸುವವರು ಅಲ್ಲಿಗೆ ಸೇರಿಸಿಕೊಳ್ಳದವರನ್ನು ಒಮ್ಮೆ ನೆನೆಯಬೇಕು. ಆದರೆ ಕರಾರಿನ ಕೊನೆಯ ಪುಟಗಳಲ್ಲಿ ಪಾರ್ಕರ್‌ನ ಚೀಟಿ ಹಾಗೇ ಕೂತಿರುತ್ತದೆ: ಹೊಣೆ ಇಂತಿಷ್ಟಕ್ಕೆ ಮಾತ್ರ, ಬಾಕಿ ಉಳಿದರೆ ಸಾಮಾನು ತಡೆಹಿಡಿಯಲಾಗುವುದು. ಬಾಡಿಗೆ ಒಂದೆರಡು ತಿಂಗಳು ತಪ್ಪಿದ ನಾವಿಕನ ಟ್ರಂಕನ್ನು ಕೂಡ್‌ನವರು ಬೀದಿಗೆ ಹಾಕುವುದು ಸುಲಭವಿರಲಿಲ್ಲ. ಅವನ ಅಣ್ಣ ಅಲ್ಲೇ ಮಲಗಿರುತ್ತಿದ್ದ.

ಪರಿಚಯವಿಲ್ಲದವರ ನಡುವಿನ ಈ ಹೊಣೆಯನ್ನು ಕಾನೂನು ಸ್ವಲ್ಪ ಬಿಗಿಮಾಡಿದ್ದು ಬ್ಯಾಂಕ್ ಲಾಕರಿನ ವಿಷಯದಲ್ಲಿ. ಕೊಲ್ಕತ್ತದ ಒಂದು ಬ್ಯಾಂಕು, ಬಾಡಿಗೆ ಬಾಕಿ ಎಂದು ಗ್ರಾಹಕರಿಗೆ ತಿಳಿಸದೆ ಲಾಕರು ಒಡೆಸಿತ್ತು. ಬಾಡಿಗೆ ಕಟ್ಟಿಯೇ ಇತ್ತು. ಒಳಗಿದ್ದ ಏಳು ಆಭರಣಗಳಲ್ಲಿ ಎರಡು ಮಾತ್ರ ಮರಳಿದವು ಎಂಬುದು ಗ್ರಾಹಕರ ದೂರು. 2021ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಬ್ಯಾಂಕಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು, ಲಾಕರಿನ ನಿಯಮಗಳನ್ನು ಆರು ತಿಂಗಳಲ್ಲಿ ಮಾಡುವಂತೆ ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಅದರಂತೆ 2022ರ ಜನವರಿ 1ರಿಂದ, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ನೌಕರರ ಮೋಸ, ಇವುಗಳಲ್ಲಿ ಯಾವುದರಿಂದ ಹಾನಿಯಾದರೂ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ. ವರ್ಷಕ್ಕೆ 3000 ರೂಪಾಯಿ ಕಟ್ಟುವವರಿಗೆ 3 ಲಕ್ಷ. ಒಳಗೆ ಏನಿದೆ ಎಂದು ಬ್ಯಾಂಕು ಕೇಳುವುದಿಲ್ಲ, ಅದಕ್ಕೇ ಲೆಕ್ಕ ಬಾಡಿಗೆಯ ಮೇಲೆ. ಅಮ್ಮನ ಸರವಿದ್ದರೂ ಅಷ್ಟೇ, ಖಾಲಿ ಡಬ್ಬಿಯಿದ್ದರೂ ಅಷ್ಟೇ.

ಲಾಕರು ಹಿಡಿಯುವಾಗ ತುಂಬುವ ಅರ್ಜಿಯಲ್ಲಿ ವಾರಸುದಾರರ ಹೆಸರಿಗೆ ಒಂದು ಸಾಲು ಬಿಟ್ಟಿರುತ್ತಾರೆ. ಒಬ್ಬರೇ ನಗರಕ್ಕೆ ಬಂದವರು ಸಾಮಾನ್ಯವಾಗಿ ಆ ಸಾಲಿನ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಆಮೇಲೆ ಊರಿನಲ್ಲಿರುವ ಯಾರದೋ ಹೆಸರು ಬರೆಯುತ್ತಾರೆ. 2025ರ ನವೆಂಬರ್ 1ರಿಂದ ಆ ಜಾಗದಲ್ಲಿ ನಾಲ್ವರ ಹೆಸರು ಬರೆಯಬಹುದು. ಲಾಕರಿನ ಮಟ್ಟಿಗೆ ನಾಲ್ವರಿಗೂ ಒಟ್ಟಿಗೆ ಹಕ್ಕಿಲ್ಲ. ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು, ಅವರೂ ಇಲ್ಲದಿದ್ದರೆ ಮೂರನೆಯವರು.